ಹತ್ತನೆಯವರು ಬರುವ ತನಕ

ಕೆಲವು ವರ್ಷಗಳ ಹಿಂದಿನ ಮಾತು. ಫೆಬ್ರವರಿಯ ಒಂದು ಬೆಳಿಗ್ಗೆ, ಇನ್ನೂ ಆರೂವರೆ. ರಾತ್ರಿಯೆಲ್ಲ ಸುರಿದ ಹಿಮ ಅಂಗಳದಲ್ಲಿ ಗೇಣುದ್ದ ನಿಂತಿತ್ತು. ಪಕ್ಕದ ಮನೆಯ ಯಹೂದಿ ಹಿರಿಯರು ಬಾಗಿಲು ತಟ್ಟಿ, "ನಿಮ್ಮ ಗಾಡಿ ಈ ಹಿಮದಲ್ಲಿ ಓಡುತ್ತದಲ್ಲವೇ? ನನ್ನದು ಜಾರುತ್ತಿದೆ. ಇವತ್ತು ನಮ್ಮಪ್ಪ ಹೋದ ದಿನ" ಅಂದರು. ಹಿಂದಿನ ಸಂಜೆ ಅವರ ಅಡುಗೆಮನೆಯ ಕಿಟಕಿಯಲ್ಲಿ ಒಂದು ಗಾಜಿನ ಲೋಟದೊಳಗೆ ಮೇಣದ ದೀಪ ಉರಿಯುತ್ತಿದ್ದುದನ್ನು ನೋಡಿದ್ದೆ. ಇಪ್ಪತ್ನಾಲ್ಕು ಗಂಟೆ ಉರಿಯುವ ದೀಪ ಅದು. ನನಗೆ ಮತ್ತೇನೂ ಕೇಳಬೇಕೆನ್ನಿಸಲಿಲ್ಲ, ಸ್ವೆಟರಿನ ಮೇಲೆ ಕೋಟು ಹಾಕಿಕೊಂಡು ಹೊರಟೆ.

ನಾವಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ, ಹೈಲ್ಯಾಂಡ್ ಪಾರ್ಕ್ ಊರಿಗೆ ತಾಗಿಕೊಂಡ ಕಡೆ. ಒಂದು ದಿಕ್ಕಿಗೆ ಕಾರು ತಿರುಗಿಸಿದರೆ ಓಕ್ ಟ್ರೀ ರಸ್ತೆ, ಅಲ್ಲಿ ನುಗ್ಗೇಕಾಯಿಯೂ ಸಿಗುತ್ತದೆ, ಮದುವೆಯ ಸೀರೆಯೂ ಸಿಗುತ್ತದೆ. ಇನ್ನೊಂದು ದಿಕ್ಕಿಗೆ ರಾರಿಟನ್ ನದಿಯ ಕಡೆ ಹೋದರೆ ಯಹೂದಿಗಳ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳು, ಅವರ ಆಹಾರ ನಿಯಮಕ್ಕೆ ಒಪ್ಪುವ ಕೋಷರ್ ಅಂಗಡಿಗಳು, ಶನಿವಾರ ಬೆಳಿಗ್ಗೆ ಕಪ್ಪು ಕೋಟು ತೊಟ್ಟು ಸಂಸಾರ ಸಮೇತ ನಡೆದುಹೋಗುವ ಜನ. ಇಪ್ಪತ್ತು ವರ್ಷದಿಂದ ಈ ಎರಡರ ನಡುವೆ ಬದುಕಿದ್ದೇನೆ. ಆದರೆ ಸಿನಗಾಗಿನ ಒಳಗೆ ಹೋಗಿ ಕೂತದ್ದು ಅವತ್ತೇ ಮೊದಲು.

ದೊಡ್ಡ ಸಭಾಂಗಣಕ್ಕೆ ಬೀಗ ಹಾಕಿತ್ತು. ವಾರದ ದಿನಗಳ ಪ್ರಾರ್ಥನೆ ಪಕ್ಕದ ಸಣ್ಣ ಕೋಣೆಯಲ್ಲಿ. ಕೆಲವರು ಆಗಲೇ ಎಡತೋಳಿಗೆ ಚರ್ಮದ ಪಟ್ಟಿಯನ್ನು ಏಳು ಸುತ್ತು ಸುತ್ತಿಕೊಳ್ಳುತ್ತಿದ್ದರು, ಹೆಗಲ ಮೇಲೆ ಅಂಚಿಗೆ ದಾರದ ಕುಚ್ಚುಗಳಿರುವ ಬಿಳಿ ಶಾಲು. ಒಬ್ಬರು ಎದ್ದು ನಿಂತು, ಒಬ್ಬೊಬ್ಬರ ಕಡೆ ನೋಡುತ್ತ ಹೀಬ್ರೂ ಭಾಷೆಯಲ್ಲಿ ಒಂದು ಸಾಲು ಹೇಳತೊಡಗಿದರು, ಒಬ್ಬರಿಗೆ ಒಂದು ಪದ. ಅದು ಬೈಬಲಿನ ಕೀರ್ತನೆಗಳ ಪುಸ್ತಕದ ಸಾಲು: ನಿನ್ನ ಜನರನ್ನು ಕಾಪಾಡು, ನಿನ್ನವರನ್ನು ಹರಸು, ಅವರನ್ನು ಮೇಯಿಸು, ಎಂದೆಂದಿಗೂ ಎತ್ತಿಕೊಂಡು ನಡೆ. ಮೂಲದಲ್ಲಿ ಅದಕ್ಕೆ ಸರಿಯಾಗಿ ಹತ್ತು ಪದ. ಒಂಬತ್ತನೆಯ ಪದ ನನ್ನ ನೆರೆಮನೆಯವರ ಪಾಲಿಗೆ ಬಂತು. ಹತ್ತನೆಯ ಪದ ಹೇಳಲು ಯಾರೂ ಇರಲಿಲ್ಲ. ನಾನು ಹಿಂದಿನ ಬೆಂಚಿನಲ್ಲಿದ್ದೆ, ಆದರೆ ನಾನು ಲೆಕ್ಕಕ್ಕೆ ಬರುವವಳಲ್ಲ, ಅದು ಅವರಿಗೂ ಗೊತ್ತು ನನಗೂ ಗೊತ್ತು.

ಹತ್ತು ಜನ ಸೇರದಿದ್ದರೆ ತೀರಿಕೊಂಡವರ ಹೆಸರಿನಲ್ಲಿ ಹೇಳುವ ಕದ್ದೀಶ್ ಪ್ರಾರ್ಥನೆಯನ್ನು ಹೇಳುವಂತಿಲ್ಲ. ಒಬ್ಬನೇ ಕೂತು ದೇವರ ಹತ್ತಿರ ಬೇಕಾದ್ದು ಮಾತಾಡಬಹುದು, ಆದರೆ ಕದ್ದೀಶ್‌ಗೆ 'ಆಮೆನ್' ಅನ್ನುವ ಒಂಬತ್ತು ಜನ ಎದುರಿಗಿರಬೇಕು. ಈ ಹತ್ತರ ಗುಂಪಿಗೆ ಮಿನ್ಯಾನ್ ಎಂದು ಹೆಸರು. ಯಾರೋ ಫೋನು ಮಾಡಿದರು, ಇನ್ನೊಬ್ಬರು ಬೀದಿಯ ಕಡೆ ಇಣುಕಿ ಬಂದರು. ನನ್ನ ನೆರೆಯವರು ಪುಸ್ತಕದ ಆ ಪುಟದಲ್ಲಿ ಬೆರಳಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಇಪ್ಪತ್ತೈದು ನಿಮಿಷ. ಆಮೇಲೆ ಬಾಗಿಲು ತೆಗೆದು ಒಳಗೆ ಬಂದವರು ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯಿಂದ ನೇರ ಬಂದ ಒಬ್ಬ ನರ್ಸ್, ಇನ್ನೂ ಆ ನೀಲಿ ಉಡುಪಿನಲ್ಲೇ ಇದ್ದರು. ಕೋಟು ಬಿಚ್ಚುವುದಕ್ಕೂ ಮೊದಲು ಆಕೆ "ಶುರು ಮಾಡಿ, ಶುರು ಮಾಡಿ" ಅಂದರು. ನೆರೆಯವರು ಎದ್ದು ನಿಂತರು. ಕದ್ದೀಶ್ ಅರಮಾಯಿಕ್ ಭಾಷೆಯ ಪ್ರಾರ್ಥನೆ, ಅದರಲ್ಲಿ ಸಾವು ಅನ್ನುವ ಮಾತೇ ಇಲ್ಲ, ಮೊದಲಿನಿಂದ ಕೊನೆಯವರೆಗೂ ದೇವರ ಸ್ತುತಿ. ಎರಡು ನಿಮಿಷವೂ ಆಗಲಿಲ್ಲ, ಮುಗಿಯಿತು.

ವಾಪಸು ಬರುವಾಗ ಅವರು ಹೇಳಿದರು: "ನಮ್ಮಪ್ಪನ ಸಿನಗಾಗಿನಲ್ಲಾಗಿದ್ದರೆ ಆ ಹೆಣ್ಣುಮಗಳನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಇವತ್ತು ಅಪ್ಪನ ಕದ್ದೀಶ್ ಆದದ್ದೇ ಆಕೆಯಿಂದ." ಸಾಂಪ್ರದಾಯಿಕ ಆರ್ಥೊಡಾಕ್ಸ್ ಪಂಥದಲ್ಲಿ ಇಂದಿಗೂ ಹತ್ತು ಗಂಡಸರೇ ಬೇಕು. ಕನ್ಸರ್ವೇಟಿವ್ ಎಂಬ ನಡುದಾರಿಯ ಪಂಥದವರು 1973ರಲ್ಲಿ ಹೆಂಗಸರನ್ನೂ ಎಣಿಸಬಹುದು ಎಂದು ತೀರ್ಮಾನಿಸಿದರು. ಆ ತೀರ್ಮಾನ ಕಾಗದದ ಮೇಲೆ ಓದಿದರೆ ಒಂದು ವರ್ಷ, ಒಂದು ನಿರ್ಣಯ, ಅಷ್ಟೆ. ಅವತ್ತು ಅದು ಹಿಮ ಮೆತ್ತಿದ ಶೂ ಹಾಕಿಕೊಂಡು ಒಳಗೆ ಬಂದದ್ದನ್ನು ಕಣ್ಣಾರೆ ನೋಡಿದೆ.

ಒಂದು, ಎರಡು ಎಂದು ಎಣಿಸದೆ ಪದಗಳಿಂದ ಏಕೆ ಎಣಿಸಿದಿರಿ ಎಂದು ಕೇಳಿದ್ದಕ್ಕೆ ಅವರು, "ಮನುಷ್ಯರನ್ನು ಎಣಿಸಬಾರದು" ಅಂದರು. ಬೈಬಲಿನಲ್ಲಿ ದಾವೀದ ರಾಜ ಜನಗಣತಿ ಮಾಡಿಸಿದ, ಅದರ ಬೆನ್ನಿಗೇ ನಾಡಿಗೆ ಪಿಡುಗು ಬಂತು. ಮೋಶೆಯ ಕಾಲದಲ್ಲಿ ಪ್ರತಿಯೊಬ್ಬನಿಂದ ಅರ್ಧ ಶೆಕೆಲ್ ನಾಣ್ಯ ಪಡೆದು, ನಾಣ್ಯಗಳನ್ನು ಎಣಿಸಿದರೇ ಹೊರತು ತಲೆಗಳನ್ನಲ್ಲ. ಅವರ ಅಜ್ಜಿ ಯಿದ್ದಿಶ್ ಭಾಷೆಯಲ್ಲಿ ಮಕ್ಕಳನ್ನು "ಒಂದಲ್ಲ, ಎರಡಲ್ಲ, ಮೂರಲ್ಲ" ಎಂದು ಎಣಿಸುತ್ತಿದ್ದರಂತೆ. ನನಗೆ ತಟ್ಟನೆ ನೆನಪಾದದ್ದು ನಮ್ಮ ತಾತನ ಮನೆಯ ಕಣ. ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ 'ಒಂದು' ಅನ್ನುತ್ತಿರಲಿಲ್ಲ, 'ಲಾಭ' ಅನ್ನುತ್ತಿದ್ದರು. ಲಾಭ, ಎರಡು, ಮೂರು. ಬೆಳೆದದ್ದನ್ನು ಎಣಿಸಿದರೆ ಅದು ಮುಗಿದುಹೋಗುತ್ತದೇನೋ ಎಂಬ ಭಯ, ನಮ್ಮಲ್ಲೂ ಇತ್ತು.

ಹಾಗಿದ್ದರೂ ಎಣಿಕೆ ನಡೆದೇ ಇದೆ. ನ್ಯೂಜೆರ್ಸಿಯ ಒಟ್ಟು ಜನಸಂಖ್ಯೆ 2020ರ ಗಣತಿಯ ಪ್ರಕಾರ ಸುಮಾರು 93 ಲಕ್ಷ. ಅದರಲ್ಲಿ ಯಹೂದಿಗಳು ಸರಿಸುಮಾರು ಐದೂವರೆಯಿಂದ ಆರು ಲಕ್ಷ, ಅಂದರೆ ನೂರಕ್ಕೆ ಆರು. ಇಡೀ ಅಮೆರಿಕದಲ್ಲಿ ಅವರು ನೂರಕ್ಕೆ ಎರಡಕ್ಕಿಂತ ತುಸು ಹೆಚ್ಚು. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ, ಫ್ಲಾರಿಡಾ ಬಿಟ್ಟರೆ ಅತಿ ಹೆಚ್ಚು ಯಹೂದಿಗಳಿರುವ ರಾಜ್ಯ ಇದು. 'ಸರಿಸುಮಾರು' ಎಂದು ಬೇಕೆಂದೇ ಬರೆದಿದ್ದೇನೆ. ಅಮೆರಿಕದ ಜನಗಣತಿ ಧರ್ಮವನ್ನು ಕೇಳುವುದಿಲ್ಲ, 1976ರ ಕಾನೂನು ಯಾರನ್ನೂ ಕಡ್ಡಾಯವಾಗಿ ಹಾಗೆ ಕೇಳಕೂಡದು ಎನ್ನುತ್ತದೆ. ಭಾರತೀಯರಾದ ನಾವು ಈ ರಾಜ್ಯದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚಿದ್ದೇವೆ ಎಂದು ಗಣತಿಯಿಂದಲೇ ಗೊತ್ತಾಗುತ್ತದೆ. ಯಹೂದಿಗಳ ಲೆಕ್ಕ ಮಾತ್ರ ಅವರವರ ಸಂಸ್ಥೆಗಳ ಸಮೀಕ್ಷೆಗಳಿಂದ ಬರಬೇಕು. ಒಂದು ಕಾಲಕ್ಕೆ ಫೋನ್ ಡೈರೆಕ್ಟರಿಯಲ್ಲಿ ಕೋಹನ್, ಲೆವಿನ್ ಎಂಬಂಥ ಮನೆಹೆಸರುಗಳನ್ನು ಹುಡುಕಿ ಅಂದಾಜು ಮಾಡುತ್ತಿದ್ದರು. ಯಾರು ಯಹೂದಿ ಎಂಬುದಕ್ಕೂ ಒಂದೇ ಉತ್ತರವಿಲ್ಲ. ತಾಯಿ ಯಹೂದಿಯಾಗಿರಬೇಕು ಎನ್ನುವವರಿದ್ದಾರೆ, ತಂದೆಯಾದರೂ ಸಾಕು ಎಂದು ಸುಧಾರಣಾವಾದಿ ರಿಫಾರ್ಮ್ ಪಂಥ 1983ರಿಂದ ಒಪ್ಪಿಕೊಂಡಿದೆ.

ಈ ಆರು ಲಕ್ಷವನ್ನು ಒಂದು ಗುಂಪು ಎಂದುಕೊಂಡರೆ ತಪ್ಪಾಗುತ್ತದೆ. ನನ್ನ ನೆರೆಯವರ ಕಥೆಯೇ ಬೇರೆ, ಅದು ಕೋಳಿಗಳಿಂದ ಶುರುವಾಗುತ್ತದೆ.

ಅವರ ಅಪ್ಪ ಅಮ್ಮ ಪೋಲೆಂಡಿನವರು, ನಾಜಿ ಶಿಬಿರಗಳಿಂದ ಬದುಕಿ ಉಳಿದವರು. ಯುದ್ಧ ಮುಗಿದ ಮೇಲೆ ಈ ದೇಶಕ್ಕೆ ಬಂದಾಗ ಇಂಗ್ಲಿಷ್ ಬರದು, ಕೈಯಲ್ಲಿ ಕಸುಬಿಲ್ಲ, ನಗರದ ಗದ್ದಲ ಸಹಿಸುವ ತ್ರಾಣವಿಲ್ಲ. ದಕ್ಷಿಣ ನ್ಯೂಜೆರ್ಸಿಯ ವೈನ್‌ಲ್ಯಾಂಡ್ ಸುತ್ತಮುತ್ತ ಸಾಲ ಕೊಟ್ಟು ಕೋಳಿ ಸಾಕಣೆ ಹಾಕಿಸುತ್ತಾರೆಂದು ಯಾರೋ ಹೇಳಿದರು. ಅಂಥ ಎಷ್ಟೋ ಸಂಸಾರಗಳು ಅಲ್ಲಿಗೆ ಹೋದವು. ಕೋಳಿಗೆ ಯಾವ ಭಾಷೆಯೂ ಬೇಡ, ಯಾರ ಕೈಕೆಳಗೂ ದುಡಿಯಬೇಕಾಗಿಲ್ಲ. ಶಾಲೆಯಿಂದ ಬಂದ ಮೇಲೆ ನೆಲಮಾಳಿಗೆಯಲ್ಲಿ ಕೂತು ಮೊಟ್ಟೆ ನೋಡುವುದು ಇವರ ಕೆಲಸ. ಕತ್ತಲಲ್ಲಿ ಒಂದು ಡಬ್ಬಿ, ಅದರೊಳಗೆ ಬಲ್ಬು, ಡಬ್ಬಿಗೆ ಒಂದು ತೂತು. ಮೊಟ್ಟೆಯನ್ನು ಆ ತೂತಿನ ಎದುರು ಹಿಡಿದು ಒಂದು ಸುತ್ತು ತಿರುಗಿಸಿದರೆ ಒಳಗಿನ ಹಳದಿ ನೆರಳಿನಂತೆ ತೇಲುವುದು ಕಾಣುತ್ತದೆ. ರಕ್ತದ ಚುಕ್ಕೆ ಕಂಡರೆ ಪಕ್ಕಕ್ಕೆ, ಅದು ಕೋಷರ್ ಅಲ್ಲ. "ನಮ್ಮಪ್ಪ ಶಿಬಿರದ ಬಗ್ಗೆ ಒಂದು ಮಾತೂ ಆಡಲಿಲ್ಲ. ಮೊಟ್ಟೆಯ ಬಗ್ಗೆ ಮಾತ್ರ ಎಷ್ಟು ಬೇಕಾದರೂ ಮಾತಾಡುತ್ತಿದ್ದ" ಎಂದು ಅವರೊಮ್ಮೆ ಹೇಳಿದ್ದರು. 1950ರ ದಶಕದಲ್ಲಿ ಮೊಟ್ಟೆಯ ಬೆಲೆ ಬಿತ್ತು, ದಕ್ಷಿಣದ ರಾಜ್ಯಗಳ ದೊಡ್ಡ ಫಾರಂಗಳ ಮುಂದೆ ಈ ಸಣ್ಣ ಗೂಡುಗಳು ನಿಲ್ಲಲಿಲ್ಲ. ಮಕ್ಕಳು ಓದಿ ಊರು ಬಿಟ್ಟರು.

ಆ ಸಂಸಾರಗಳು ವೈನ್‌ಲ್ಯಾಂಡಿಗೇ ಏಕೆ ಹೋದವು ಎಂದು ಹಿಂದಕ್ಕೆ ಹುಡುಕಿದರೆ 1882ಕ್ಕೆ ಹೋಗಿ ನಿಲ್ಲುತ್ತೇವೆ. ಅದರ ಹಿಂದಿನ ವರ್ಷ ರಷ್ಯಾದಲ್ಲಿ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ಕೊಲೆಯಾಯಿತು. ಯಹೂದಿಗಳ ಮೇಲೆ ಊರೂರಲ್ಲಿ ದಾಳಿಗಳಾದವು, ಮನೆ ಅಂಗಡಿಗಳು ಸುಟ್ಟವು. 1882ರ ಮೇ ತಿಂಗಳ ಕಾನೂನುಗಳು ಅವರು ಹೊಸದಾಗಿ ಹಳ್ಳಿಗಳಲ್ಲಿ ನೆಲೆಸುವುದನ್ನು, ನೆಲ ಕೊಳ್ಳುವುದನ್ನು ತಡೆದವು. ಸಾಗುವಳಿ ಮಾಡಲು ಬಿಡದೆ, ಇವರು ಸಾಗುವಳಿ ಮಾಡದ ಜನ ಎಂದು ಹೀಯಾಳಿಸುವುದೂ ನಡೆದಿತ್ತು. ಅದೇ ತಿಂಗಳು, ಮೇ 10ರಂದು, 43 ಸಂಸಾರಗಳು ವೈನ್‌ಲ್ಯಾಂಡಿನ ಪಕ್ಕದ ಸೇಲಂ ಕೌಂಟಿಯ ಕುರುಚಲು ಕಾಡಿಗೆ ಬಂದಿಳಿದವು. ಆ ನೆಲೆಗೆ ಅಲಯನ್ಸ್ ಎಂದು ಹೆಸರಿಟ್ಟರು, ಪ್ಯಾರಿಸ್ಸಿನ ಯಹೂದಿ ನೆರವಿನ ಸಂಸ್ಥೆಯ ಹೆಸರು ಅದು. ಮೊದಲು ಮರದ ಹಲಗೆಯ ಉದ್ದನೆಯ ಶೆಡ್ಡುಗಳಲ್ಲಿ ಎಲ್ಲರೂ ಒಟ್ಟಿಗೆ. ಮರಳು ನೆಲ, ಕಿತ್ತಷ್ಟೂ ಮುಗಿಯದ ಬೇರು ಮೋಟುಗಳು. ನೇಗಿಲು ಹಿಡಿದವರು ಅವರಲ್ಲಿ ಅತಿ ಕಡಿಮೆ. ಚಳಿಗಾಲದಲ್ಲಿ ಬಟ್ಟೆ ಹೊಲಿದು, ಚುಟ್ಟಾ ಸುತ್ತಿ ಹೊಟ್ಟೆ ಹೊರೆದರು. ಕನ್ಸಾಸ್, ಡಕೋಟಾ, ಆರೆಗನ್ ಎಲ್ಲೆಲ್ಲೋ ಇಂಥ ಯಹೂದಿ ಒಕ್ಕಲು ನೆಲೆಗಳಾದವು, ಬಹಳಷ್ಟು ಕೆಲವೇ ವರ್ಷದಲ್ಲಿ ಚದುರಿದವು. ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾದ ಮಾರುಕಟ್ಟೆಗಳು ಹತ್ತಿರವಿದ್ದ ಅಲಯನ್ಸ್ ಮಾತ್ರ ಕಚ್ಚಿಕೊಂಡು ನಿಂತಿತು.

ಅಲ್ಲಿಂದ ಇನ್ನೂ ದಕ್ಷಿಣಕ್ಕೆ ವುಡ್‌ಬೈನ್. 1891ರಲ್ಲಿ, ರೈಲುಮಾರ್ಗಗಳಿಂದ ಶ್ರೀಮಂತನಾದ ಬ್ಯಾರನ್ ಮೊರಿಸ್ ಡಿ ಹಿರ್ಷ್ ಇಟ್ಟ ನಿಧಿಯ ಹಣದಿಂದ ಐದು ಸಾವಿರ ಎಕರೆಗೂ ಮೇಲ್ಪಟ್ಟ ಕಾಡು ಕೊಂಡು ಕಟ್ಟಿದ ಊರು. 1903ರಲ್ಲಿ ಅದಕ್ಕೆ ಸ್ವಂತ ಪುರಸಭೆ ಬಂತು, ಮೇಯರ್‌ನಿಂದ ಹಿಡಿದು ಎಲ್ಲರೂ ಯಹೂದಿಗಳೇ. ಆ ಊರಿನ ಕೃಷಿ ಶಾಲೆಯನ್ನು, ಅದು ಬಿತ್ತಿದ್ದನ್ನು ನಾನು ಸುಮ್ಮನೆ ದಾಟಿಹೋಗಲಾರೆ, ಏಕೆಂದರೆ ಅದರ ಒಂದು ಎಳೆ ನಮ್ಮ ಮನೆಯವರೆಗೂ ಬಂದಿದೆ.

ವುಡ್‌ಬೈನಿನ ಮೊದಲ ಒಕ್ಕಲುಗಳಲ್ಲಿ ಲಿಪ್ಮನ್ ಎಂಬ ಸಂಸಾರ. ಅವರ ಮಗ ಜೇಕಬ್ ಲಿಪ್ಮನ್ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಓದಿ, ಮಣ್ಣಿನ ವಿಜ್ಞಾನಿಯಾಗಿ, 1911ರಿಂದ ರಾಜ್ಯದ ಕೃಷಿ ಪ್ರಯೋಗ ಕೇಂದ್ರದ ನಿರ್ದೇಶಕನಾದ. ಉಕ್ರೇನಿನ ಹಳ್ಳಿಯಿಂದ 1910ರಲ್ಲಿ ಬಂದು, ನಮ್ಮ ಮನೆಗೆ ಹತ್ತಿರದ ಮೆಟಚನ್ ಊರಿನ ನೆಂಟರ ಫಾರಂನಲ್ಲಿ ಉಳಿದುಕೊಂಡಿದ್ದ ಇನ್ನೊಬ್ಬ ಯಹೂದಿ ಹುಡುಗನಿಗೆ ರಟ್ಗರ್ಸ್‌ನಲ್ಲೇ ಕೃಷಿ ಓದು ಎಂದು ದಾರಿ ತೋರಿಸಿದವನು ಇದೇ ಲಿಪ್ಮನ್. ಆ ಹುಡುಗ ಸೆಲ್ಮನ್ ವ್ಯಾಕ್ಸ್‌ಮನ್. ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು ಒಂದನ್ನೊಂದು ಹೇಗೆ ಕೊಲ್ಲುತ್ತವೆ ಎಂಬುದೇ ಅವನ ಜೀವಮಾನದ ಪ್ರಶ್ನೆಯಾಯಿತು. 1943ರಲ್ಲಿ ಅವನ ಕೈಕೆಳಗಿನ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಜ್ ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ಎರಡು ಮಾದರಿಗಳಿಂದ ಒಂದು ಜೀವಿಯನ್ನು ಬೇರ್ಪಡಿಸಿದ. ಒಂದು ಮಾದರಿ ಗೊಬ್ಬರ ಹಾಕಿದ ಹೊಲದ ಮಣ್ಣು, ಇನ್ನೊಂದು ಕೋಳಿಯ ಗಂಟಲಿನಿಂದ ತೆಗೆದದ್ದು. ಅದರಿಂದ ಸ್ಟ್ರೆಪ್ಟೊಮೈಸಿನ್ ಬಂತು, ಕ್ಷಯರೋಗವನ್ನು ಮಣಿಸಿದ ಮೊದಲ ಔಷಧಿ. ಶಾಟ್ಜ್ ಕೂಡ ಯಹೂದಿ ಒಕ್ಕಲು ಮನೆತನದವನೇ, ಕನೆಟಿಕಟ್‌ನ ಫಾರಂ ಒಂದರಲ್ಲಿ ಬೆಳೆದವನು. 1952ರ ನೊಬೆಲ್ ವ್ಯಾಕ್ಸ್‌ಮನ್ ಒಬ್ಬನಿಗೇ ಹೋಯಿತು. ಶಾಟ್ಜ್‌ಗೆ ರಟ್ಗರ್ಸ್ ತನ್ನ ಪದಕ ಕೊಟ್ಟದ್ದು 1994ರಲ್ಲಿ, ಐವತ್ತು ವರ್ಷ ಕಳೆದ ಮೇಲೆ. ಅದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ನಮ್ಮ ತಾತ 1950ರ ದಶಕದಲ್ಲಿ ಮೈಸೂರಿನ ಕ್ಷಯರೋಗದ ಆಸ್ಪತ್ರೆಯಾದ ಪಿ.ಕೆ. ಸ್ಯಾನಿಟೋರಿಯಂನಲ್ಲಿ ತಿಂಗಳುಗಟ್ಟಲೆ ಇದ್ದರು. ಅದಕ್ಕೂ ಮೊದಲು ಅವರ ಅಣ್ಣ ಅದೇ ಕಾಯಿಲೆಯಲ್ಲಿ ಹೋಗಿದ್ದರು. ದಿನಾ ಸೊಂಟಕ್ಕೆ ಸೂಜಿ, ನೋವಿಗೆ ಮಗ್ಗುಲಾಗಲೂ ಆಗುತ್ತಿರಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದರು. ಅಜ್ಜಿಯ ಬಾಯಲ್ಲಿ ಆ ಔಷಧಿ 'ಸ್ಟೆಪ್ಟೊ'. ತಾತ ಬದುಕಿ ಬಂದರು, ಆಮೇಲೆ ಹುಟ್ಟಿದವಳು ನಮ್ಮಮ್ಮ. ನೂರಾರು ಸಲ ರಟ್ಗರ್ಸ್ ಎದುರು ಕಾರು ಓಡಿಸಿದ ಮೇಲೆ, ಒಂದು ದಿನ ಆ ಹಳೆಯ ಕಟ್ಟಡದ ಮುಂದೆ ನಿಂತು ಫಲಕ ಓದಿದೆ. ಅಲ್ಲಿಂದಲೇ ಅಮ್ಮನಿಗೆ ಫೋನು ಮಾಡಿದೆ. ಮೈಸೂರಿನಲ್ಲಿ ಆಗ ರಾತ್ರಿ. ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ.

ವುಡ್‌ಬೈನಿನ ಯಹೂದಿಗಳು ಚದುರಿಹೋಗಿ ಬಹಳ ಕಾಲವಾಯಿತು. ಅವರು ಕಟ್ಟಿದ ಇಟ್ಟಿಗೆಯ ಸಿನಗಾಗ್ ಈಗ ವಸ್ತುಸಂಗ್ರಹಾಲಯ. ಅಂಕಿ ಅಂಶದ ಪಟ್ಟಿಯಲ್ಲಿ ಆ ಊರಿನ ಎದುರು ಬರೆಯುವಂಥದ್ದು ಹೆಚ್ಚೇನೂ ಇಲ್ಲ.

ರೂಸ್‌ವೆಲ್ಟ್ ಎಂಬ ಊರನ್ನೂ ಒಮ್ಮೆ ನೋಡಿ ಬಂದೆ. ನಮ್ಮಿಂದ ಮುಕ್ಕಾಲು ಗಂಟೆಯ ದಾರಿ, ಸಾವಿರ ಜನರೂ ಇಲ್ಲ. 1930ರ ದಶಕದ ಆರ್ಥಿಕ ಕುಸಿತದಲ್ಲಿ ನ್ಯೂಯಾರ್ಕಿನ ಯಹೂದಿ ದರ್ಜಿಗಳಿಗಾಗಿ ಸರ್ಕಾರ ಕಟ್ಟಿಸಿದ ಸಹಕಾರಿ ಊರು, ಆಗಿನ ಹೆಸರು ಜೆರ್ಸಿ ಹೋಮ್‌ಸ್ಟೆಡ್ಸ್. ಸಂಸಾರಕ್ಕೆ 500 ಡಾಲರ್ ವಂತಿಗೆ, ಎಲ್ಲರದೂ ಒಂದೇ ಬಟ್ಟೆ ಕಾರ್ಖಾನೆ, ಒಂದೇ ಹೊಲ. ಪ್ರಿನ್ಸ್‌ಟನ್‌ನಲ್ಲಿದ್ದ ಐನ್‌ಸ್ಟೈನ್ ಇದರ ಬೆಂಬಲಕ್ಕೆ ನಿಂತಿದ್ದರು. ಕೆಲವೇ ವರ್ಷದಲ್ಲಿ ಕಾರ್ಖಾನೆ ಸೋತಿತು, ಊರು ಉಳಿಯಿತು. ಶಾಲೆಯ ಗೋಡೆಯ ಮೇಲೆ ಬೆನ್ ಶಾನ್ ಬರೆದ ದೊಡ್ಡ ಭಿತ್ತಿಚಿತ್ರದಲ್ಲಿ ಹಡಗಿಳಿದು ಬರುವ ವಲಸಿಗರ ಮುಂದೆ ಐನ್‌ಸ್ಟೈನ್ ನಡೆದು ಬರುತ್ತಿದ್ದಾರೆ. ಅಲ್ಲಿನ ಚಪ್ಪಟೆ ತಾರಸಿಯ ಮನೆಗಳ ವಿನ್ಯಾಸದಲ್ಲಿ ಕೈಯಾಡಿಸಿದ ತರುಣ ವಾಸ್ತುಶಿಲ್ಪಿ ಲೂಯಿ ಕಾನ್, ಮುಂದೆ ಅಹಮದಾಬಾದಿನ ಐಐಎಂ ಕಟ್ಟಿದವರು. 1974ರಲ್ಲಿ ಅಹಮದಾಬಾದಿನಿಂದ ಮರಳುವ ದಾರಿಯಲ್ಲೇ, ನ್ಯೂಯಾರ್ಕಿನ ರೈಲು ನಿಲ್ದಾಣದಲ್ಲಿ ತೀರಿಕೊಂಡರು. ಆ ಸಣ್ಣ ಬಿಳಿ ಮನೆಗಳ ಮುಂದೆ ನಡೆಯುವಾಗ ಐಐಎಂನ ಕೆಂಪು ಇಟ್ಟಿಗೆಯ ಕಮಾನುಗಳು ನನಗೆ ನೆನಪಾಗುತ್ತಲೇ ಇದ್ದವು.

ನ್ಯೂವರ್ಕ್ ನಗರದ ಕಥೆ ಬೇರೆ ಥರದ್ದು. ಎರಡನೆಯ ಮಹಾಯುದ್ಧದ ಹೊತ್ತಿಗೆ ಅಲ್ಲಿ ಅರುವತ್ತು ಸಾವಿರಕ್ಕೂ ಹೆಚ್ಚು ಯಹೂದಿಗಳಿದ್ದರು. ಮೊದಲು ಪ್ರಿನ್ಸ್ ಸ್ಟ್ರೀಟಿನ ತಳ್ಳುಗಾಡಿಗಳು, ಆಮೇಲೆ ವಿಕ್ವೇಯಿಕ್ ಬಡಾವಣೆಯ ಒಳ್ಳೆಯ ಮನೆಗಳು. ಯುದ್ಧದ ನಂತರ ಹೆದ್ದಾರಿಗಳು ಬಂದವು, ಗೃಹಸಾಲ ಸುಲಭವಾಯಿತು, ಬಿಳಿಯರಿಗೆ ಮಾತ್ರ. ದಕ್ಷಿಣದಿಂದ ವಲಸೆ ಬಂದ ಕಪ್ಪು ಜನರಿಗೆ ಬ್ಯಾಂಕುಗಳು ಸಾಲ ಕೊಡದೆ ಅವರನ್ನು ನಗರದೊಳಗೇ ಕಟ್ಟಿಹಾಕಿದವು. ಯಹೂದಿಗಳು ಲಿವಿಂಗ್‌ಸ್ಟನ್, ವೆಸ್ಟ್ ಆರೆಂಜ್ ಕಡೆ ಹೊರಟರು. 1967ರ ಜುಲೈಯ ಗಲಭೆಯಲ್ಲಿ 26 ಜನ ಸತ್ತರು. ಆ ಗಲಭೆಯಿಂದಲೇ ಯಹೂದಿಗಳು ಹೋದರು ಎಂದು ಜನ ಹೇಳುವುದುಂಟು, ಆದರೆ ಹೋಗುವುದು ಆಗಲೇ ಬಹುಮಟ್ಟಿಗೆ ಮುಗಿದಿತ್ತು. ಅವರ ಒಂದು ಭವ್ಯ ಸಿನಗಾಗಿನಲ್ಲಿ ಈಗ ಕಪ್ಪು ಜನರ ಬ್ಯಾಪ್ಟಿಸ್ಟ್ ಚರ್ಚು ನಡೆಯುತ್ತದೆ.

ಆ ನಗರದ ಒಬ್ಬ ರಬ್ಬಿಯ, ಅಂದರೆ ಯಹೂದಿ ಧರ್ಮಗುರುವಿನ, ಹೆಸರನ್ನು ಹೇಳಲೇಬೇಕು, ಯೋಆಕಿಮ್ ಪ್ರಿನ್ಸ್. ಬರ್ಲಿನ್ನಿನಲ್ಲಿ ಹಿಟ್ಲರನ ವಿರುದ್ಧ ಮಾತಾಡಿ 1937ರಲ್ಲಿ ದೇಶದಿಂದ ಹೊರದೂಡಿಸಿಕೊಂಡು ಬಂದವರು. 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನ ಆ ದೊಡ್ಡ ಸಭೆಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಾತಾಡುವುದಕ್ಕೆ ತುಸು ಮೊದಲು ಮೈಕಿನ ಮುಂದೆ ನಿಂತವರು ಇವರು. ಹಿಟ್ಲರನ ಆಡಳಿತದಲ್ಲಿ ತಾನು ಕಲಿತದ್ದೇನೆಂದರೆ, ದ್ವೇಷಕ್ಕಿಂತಲೂ ನಾಚಿಕೆಗೇಡಿನ ಸಂಗತಿ ಮೌನ ಎಂದರು. ಕಿಂಗ್ ಭಾಷಣವನ್ನು ನಾವೆಲ್ಲ ಶಾಲೆಯಲ್ಲೇ ಕೇಳಿದ್ದೇವೆ. ಅದರ ಮುಂಚಿನ ಆ ಕೆಲವು ನಿಮಿಷಗಳು ನನ್ನ ಕಿವಿಗೆ ಬಿದ್ದದ್ದು ಈ ರಾಜ್ಯಕ್ಕೆ ಬಂದು ಎಷ್ಟೋ ವರ್ಷವಾದ ಮೇಲೆ.

ಒಂದು ಕಡೆ ಬರಿದಾಗುತ್ತಿದ್ದ ಕಾಲಕ್ಕೇ ಇನ್ನೊಂದು ಕಡೆ ತುಂಬುತ್ತಿತ್ತು. 1943ರಲ್ಲಿ, ಅಂದರೆ ಸ್ಟ್ರೆಪ್ಟೊಮೈಸಿನ್ ಸಿಕ್ಕ ಅದೇ ವರ್ಷ, ಯುರೋಪಿನಿಂದ ತಪ್ಪಿಸಿಕೊಂಡು ಬಂದ ರಬ್ಬಿ ಅಹರೋನ್ ಕೋಟ್ಲರ್ ಲೇಕ್‌ವುಡ್‌ನಲ್ಲಿ ಒಂದು ಯೆಶಿವಾ ತೆರೆದರು. ಯೆಶಿವಾ ಅಂದರೆ ಯಹೂದಿ ಧರ್ಮಶಾಸ್ತ್ರವಾದ ಟಾಲ್ಮುಡ್ ಕಲಿಯುವ ಪಾಠಶಾಲೆ. ಇಬ್ಬಿಬ್ಬರು ಎದುರುಬದುರು ಕೂತು, ಗಟ್ಟಿ ದನಿಯಲ್ಲಿ ವಾದಿಸುತ್ತ ಓದುವ ಪದ್ಧತಿ. ಕೆಲವೇ ವಿದ್ಯಾರ್ಥಿಗಳಿಂದ ಶುರುವಾದದ್ದು ಇಂದು ಜಗತ್ತಿನ ಅತಿ ದೊಡ್ಡ ಯೆಶಿವಾಗಳಲ್ಲೊಂದು. ಊರಿನ ಜನಸಂಖ್ಯೆ 2000ದಲ್ಲಿ 60 ಸಾವಿರ, 2010ರಲ್ಲಿ 93 ಸಾವಿರ, 2020ರಲ್ಲಿ 1 ಲಕ್ಷ 35 ಸಾವಿರ. ಆ ಗಣತಿಯಲ್ಲಿ ಅದು ರಾಜ್ಯದ ಐದನೆಯ ದೊಡ್ಡ ಊರು, ಹೆಚ್ಚುಕಡಿಮೆ ಅರ್ಧದಷ್ಟು ಜನ ಹದಿನೆಂಟರೊಳಗಿನವರು. ಅಲ್ಲಿನ ಬೀದಿಯಲ್ಲಿ ಒಂದು ಮಧ್ಯಾಹ್ನ ನಿಂತರೆ ಸಾಕು, ಎಲ್ಲಿ ನೋಡಿದರೂ ಮಗು ಕೂರಿಸಿದ ತಳ್ಳುಗಾಡಿಗಳು, ಮನೆ ಮುಂದೆ ನಾಲ್ಕೈದು ಸೈಕಲ್ಲುಗಳು, ಹಳದಿ ಶಾಲಾ ಬಸ್ಸುಗಳ ಸಾಲು. ಆ ಬಸ್ಸುಗಳೇ ಅಲ್ಲಿನ ಜಗಳದ ಮೂಲ ಕೂಡ. ಯಹೂದಿ ಮಕ್ಕಳು ಹೆಚ್ಚಾಗಿ ಖಾಸಗಿ ಧಾರ್ಮಿಕ ಶಾಲೆಗಳಿಗೆ ಹೋಗುತ್ತಾರೆ, ಅವರನ್ನು ಕರೆದೊಯ್ಯುವ ಖರ್ಚಿನ ಹೊರೆ ಸರ್ಕಾರಿ ಶಾಲೆಗಳ ಬಜೆಟ್ಟಿನ ಮೇಲೆ. ಸರ್ಕಾರಿ ಶಾಲೆಗಳಲ್ಲಿ ಓದುವವರು ಬಹುಪಾಲು ಲ್ಯಾಟಿನೋ ಬಡವರ ಮಕ್ಕಳು. ಆ ಮಕ್ಕಳ ಪಾಲು ಕಡಿಮೆಯಾಗುತ್ತಿದೆ ಎಂಬ ದೂರಿನಲ್ಲಿ ಹುರುಳಿದೆ. ಹಾಗೆಂದು ಆ ದೂರಿನ ಹೆಸರಿನಲ್ಲಿ ಯಹೂದಿಗಳ ಮೇಲೆ ಹಳೆಯ ವಿಷ ಕಾರುವವರನ್ನೂ ಕೇಳಿದ್ದೇನೆ, ಕೇಳಿ ಎದ್ದು ಬಂದಿದ್ದೇನೆ.

ಲೇಕ್‌ವುಡ್‌ನಂತೆ ಎಲ್ಲ ಊರೂ ಅಲ್ಲ. ಟೀನೆಕ್‌ನವರು ಆರ್ಥೊಡಾಕ್ಸ್ ಆದರೂ ವಕೀಲರು, ವೈದ್ಯರು, ಬೆಳಿಗ್ಗೆ ಮ್ಯಾನ್‌ಹಟನ್ ಬಸ್ಸು ಹಿಡಿಯುವವರು. ಕಡಲ ದಂಡೆಯ ಡೀಲ್‌ನಲ್ಲಿರುವವರು ಸಿರಿಯಾದ ಅಲೆಪ್ಪೊ ಮೂಲದವರು, ಅವರ ಅಡುಗೆಯಲ್ಲಿ ಹುಣಿಸೆಹಣ್ಣಿದೆ. ಚೆರ್ರಿ ಹಿಲ್‌ನವರ ನಂಟು ಫಿಲಡೆಲ್ಫಿಯಾದ ಕಡೆ.

ನಮ್ಮ ಬೀದಿಯಲ್ಲೇ ಇರುವ ಒಂದು ವಿಷಯವನ್ನು ಮಾತ್ರ ಎಷ್ಟೋ ವರ್ಷ ನಾನು ಗಮನಿಸಿಯೇ ಇರಲಿಲ್ಲ. ಶಬ್ಬತ್ ದಿನ, ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ, ಮನೆಯಿಂದ ಹೊರಗೆ ಏನನ್ನೂ ಹೊತ್ತುಕೊಂಡು ಹೋಗುವಂತಿಲ್ಲ, ಮಗುವನ್ನು ತಳ್ಳುಗಾಡಿಯಲ್ಲಿ ಕರೆದೊಯ್ಯುವಂತಿಲ್ಲ. ಊರಿನ ಸುತ್ತ ಒಂದು ಎಲ್ಲೆ ಕಟ್ಟಿದರೆ ಅದರೊಳಗೆಲ್ಲ ಒಂದೇ ಮನೆಯ ಅಂಗಳವೆಂದು ಲೆಕ್ಕ, ಆಗ ಅಡ್ಡಿಯಿಲ್ಲ. ಆ ಎಲ್ಲೆಗೆ ಎರುವ್ ಎಂದು ಹೆಸರು. ನೆರೆಯವರು ಬೆರಳು ಮಾಡಿ ತೋರಿಸಿದ ಮೇಲೆ ಕಂಡಿತು: ಕರೆಂಟು ಕಂಬಕ್ಕೆ ಅಂಟಿಸಿದ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿ, ಮೇಲೆ ಹಾದುಹೋಗುವ ತಂತಿ. ಆ ಕಂಬವೇ ಬಾಗಿಲ ಚೌಕಟ್ಟು, ಆ ತಂತಿಯೇ ಮೇಲಡ್ಡ. ಪ್ರತಿ ವಾರ ಶುಕ್ರವಾರಕ್ಕೆ ಮುಂಚೆ ಯಾರೋ ಇಡೀ ಸುತ್ತನ್ನು ನೋಡಿಕೊಂಡು ಬರುತ್ತಾರೆ, ಗಾಳಿಗೆ ತಂತಿ ಹರಿದಿದ್ದರೆ ಸರಿಪಡಿಸುತ್ತಾರೆ. ಇಷ್ಟು ಸಣ್ಣ ಪಟ್ಟಿಗಳ ಮೇಲೆ ಈ ರಾಜ್ಯದಲ್ಲಿ ದೊಡ್ಡ ವ್ಯಾಜ್ಯಗಳೇ ನಡೆದಿವೆ. ಟೆನಫ್ಲೈ ಊರು ಅವನ್ನು ಕೀಳಿಸಲು ಹೊರಟಾಗ 2002ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಯಹೂದಿಗಳ ಪರ ನಿಂತಿತು. 2017ರಲ್ಲಿ ಮಾವಾ ಊರಿನಲ್ಲಿ ಮತ್ತೆ ಅದೇ ಜಗಳ. ಪ್ಲಾಸ್ಟಿಕ್ ಪಟ್ಟಿ ಯಾರ ಕಣ್ಣಿಗೂ ಚುಚ್ಚುವಂಥದ್ದಲ್ಲ. ತಕರಾರು ಇದ್ದದ್ದು ಅದನ್ನು ನಂಬಿ ಆ ಊರಿಗೆ ಬರುವ ಜನರ ಮೇಲೆ. ನಮ್ಮ ದೇವಸ್ಥಾನ ಕಟ್ಟುವಾಗ ವಾಹನದಟ್ಟಣೆ, ನಿಲುಗಡೆ ಎಂದು ಕೆಲವು ಊರುಗಳಲ್ಲಿ ಬರುವ ಆಕ್ಷೇಪಣೆಗಳನ್ನು ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ.

2019ರ ಡಿಸೆಂಬರ್ 10ರಂದು ಜೆರ್ಸಿ ಸಿಟಿಯ ಒಂದು ಸಣ್ಣ ಕೋಷರ್ ದಿನಸಿ ಅಂಗಡಿಗೆ ನುಗ್ಗಿದ ಇಬ್ಬರು ಬಂದೂಕುಧಾರಿಗಳು ಮೂವರನ್ನು ಕೊಂದರು. ಅದಕ್ಕೆ ಮುಂಚೆ ಒಬ್ಬ ಪೊಲೀಸ್ ಅಧಿಕಾರಿಯನ್ನು ಕೊಂದಿದ್ದರು. ಸತ್ತ ಮೂವರಲ್ಲಿ ಒಬ್ಬರು ಅಂಗಡಿಯಲ್ಲಿ ಕೆಲಸಕ್ಕಿದ್ದ ಈಕ್ವಡಾರ್ ದೇಶದವರು, ಯಹೂದಿಯಲ್ಲ. ಗಾಯಗೊಂಡ ಗ್ರಾಹಕನೊಬ್ಬ ತಪ್ಪಿಸಿಕೊಳ್ಳಲೆಂದು ಬಾಗಿಲು ಹಿಡಿದು ನಿಂತವರು. ಆ ವಾರದಿಂದ ನಮ್ಮ ಪಕ್ಕದ ಸಿನಗಾಗಿನ ಬಾಗಿಲಿಗೂ ಕಾವಲು ಬಂತು. ನೆರೆಯವರ ಜೊತೆ ಹೋದ ಆ ಫೆಬ್ರವರಿಯಲ್ಲಿ ಬಾಗಿಲು ತಳ್ಳಿದರೆ ತೆರೆಯುತ್ತಿತ್ತು. ಈಗ ಗಂಟೆ ಒತ್ತಿ, ಕ್ಯಾಮೆರಾದ ಮುಂದೆ ಮುಖ ತೋರಿಸಬೇಕು.

ಹೋದ ವರ್ಷ ಮೇ ತಿಂಗಳಲ್ಲಿ ಅವರು ಅಲಯನ್ಸ್‌ಗೆ ಹೋಗಿಬರೋಣವೇ ಎಂದು ಕೇಳಿದರು. ಅವರ ಅಪ್ಪ ಅಮ್ಮನ ಸಮಾಧಿ ಅಲ್ಲಿದೆ. ಎರಡು ಗಂಟೆಯ ದಾರಿ. ಕೊನೆಯ ಹತ್ತು ಮೈಲಿ ಸಪಾಟು ಹೊಲಗಳು, ನಡುನಡುವೆ ಉದ್ದನೆಯ ತಗ್ಗು ಶೆಡ್ಡುಗಳು, ಕೆಲವದರ ಸೂರು ಕುಸಿದು ಒಳಗಿನಿಂದ ಮರ ಬೆಳೆದಿತ್ತು. "ಕೋಳಿಮನೆಗಳು" ಅಂದರು. ಸ್ಮಶಾನದಲ್ಲಿ ಹಳೆಯ ಕಲ್ಲುಗಳ ಮೇಲೆ ಹೀಬ್ರೂ, ಈಚಿನವುಗಳಲ್ಲಿ ಇಂಗ್ಲಿಷೂ ಇದೆ. ಅವರು ಹೂವು ತಂದಿರಲಿಲ್ಲ, ಅವರಲ್ಲಿ ಆ ರೂಢಿ ಕಡಿಮೆ. ನೆಲದಿಂದ ಎರಡು ಬೆಣಚುಕಲ್ಲು ಆರಿಸಿ ಅಪ್ಪನ ಕಲ್ಲಿನ ಮೇಲೊಂದು, ಅಮ್ಮನ ಕಲ್ಲಿನ ಮೇಲೊಂದು ಇಟ್ಟರು.

ಕದ್ದೀಶ್ ಹೇಳುತ್ತೀರಾ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು. ಸ್ಮಶಾನದಲ್ಲೂ ಹತ್ತು ಜನ ಬೇಕು, ನಾವಿದ್ದದ್ದು ಇಬ್ಬರು. ಅದರ ಬದಲು ಒಂದು ಕೀರ್ತನೆಯನ್ನು ಮೆಲ್ಲನೆ ಓದಿದರು. ಆಮೇಲೆ ಅಪ್ಪನಿಗೆ ಯಿದ್ದಿಶ್‌ನಲ್ಲಿ ಏನೋ ಹೇಳಿದರು. ಅದನ್ನು ಏನೆಂದು ನಾನು ಕೇಳಲಿಲ್ಲ, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತೆ.

ವಾಪಸು ಬರುವಾಗ ರಸ್ತೆಬದಿಯ ಒಂದು ಹೊಲದ ಮುಂದೆ ಮೇಜು ಹಾಕಿ ತರಕಾರಿ, ಮೊಟ್ಟೆ ಮಾರುತ್ತಿದ್ದರು. ಗಾಡಿ ನಿಲ್ಲಿಸಿ ಎಂದರು. ಕಂದು ಬಣ್ಣದ ಮೊಟ್ಟೆಗಳ ಒಂದು ಡಜನ್ ಕೊಂಡರು. ಕಾರಿನಲ್ಲಿ ಕೂತು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಮೊಟ್ಟೆ ತೆಗೆದು ಸಂಜೆ ಬಿಸಿಲಿಗೆ ಹಿಡಿದು ಎರಡು ಬೆರಳಲ್ಲಿ ಮೆಲ್ಲಗೆ ತಿರುಗಿಸಿದರು. ವಾಪಸು ಇಟ್ಟು ಮುಂದಿನದನ್ನು ತೆಗೆದರು. ಐನ್ಸ್, ಜ್ವೆಯ್, ಡ್ರೈ, ಎಂದು ಗಟ್ಟಿಯಾಗಿಯೇ ಎಣಿಸುತ್ತಿದ್ದರು. ಹನ್ನೆರಡೂ ಮುಗಿಯುವ ತನಕ ನಾನು ಗಾಡಿ ಶುರು ಮಾಡಲಿಲ್ಲ.